ಒಂದು ಅಂಕಣದ ಬಾಕಿ

ಪಶುಪಾಲನೆಯ ಪಠ್ಯಪುಸ್ತಕಗಳಲ್ಲಿ ಕೊಟ್ಟಿಗೆ ಕಟ್ಟುವ ಅಧ್ಯಾಯಕ್ಕೆ ಬಂದರೆ ಒಂದು ಕೋಷ್ಟಕ ಸಿಗುತ್ತದೆ. ಬೆಳೆದ ಹಸುವೊಂದಕ್ಕೆ ಸೂರಿನಡಿ 3.5 ಚದರ ಮೀಟರ್ ಜಾಗ ಸಾಕೆಂದು ಅದು ಹೇಳುತ್ತದೆ. ಅದೇ ಹಸು ತುಂಬುಗಬ್ಬವಾಗಿ ಈಯುವ ದಿನ ಹತ್ತಿರ ಬಂದಾಗ ಮಾತ್ರ 3 ಮೀಟರ್ ಅಗಲ, 4 ಮೀಟರ್ ಉದ್ದದ ಬೇರೆ ಕೋಣೆ ಬೇಕೆನ್ನುತ್ತದೆ; ಅಂದರೆ 12 ಚದರ ಮೀಟರ್, ಅಡಿಲೆಕ್ಕದಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಹದಿಮೂರು. ನಿನ್ನೆಯವರೆಗೆ ಅಷ್ಟರಲ್ಲೇ ನಿಂತು, ಮಲಗಿ, ಮೆಲುಕು ಹಾಕಿದ ಪ್ರಾಣಿಗೆ ಇದ್ದಕ್ಕಿದ್ದಂತೆ ಮೂರು ಪಟ್ಟಿಗಿಂತ ಹೆಚ್ಚು ಜಾಗ ಯಾಕೆ? ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ರೈತನಿಗೆ ಇದು ತಮಾಷೆಯಾಗಿ ಕಾಣುವುದು ಸಹಜ, ಏಕೆಂದರೆ ಅವನ ಇಡೀ ಕೊಟ್ಟಿಗೆಯೇ ಅಷ್ಟಿರುತ್ತದೆ. ಆದರೆ ಹನ್ನೆರಡರ ಈ ಅಂಕಿ ಪುಸ್ತಕದವರ ಧಾರಾಳತನವಾಗಿ ಕಾಣುವುದು ಅದರ ಹಿಂದಿನ ಚರಿತ್ರೆ ಮರೆತಾಗ. ಕರ್ನಾಟಕದ ದನ ಮುನ್ನೂರು ವರ್ಷಗಳಲ್ಲಿ ಕಾವಲೆಂಬ ಹುಲ್ಲುಬಯಲಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಸಿಮೆಂಟಿನ ಶೆಡ್ಡಿಗೆ ಬಂದಿದೆ. ಆ ದಾರಿಯಲ್ಲಿ ಹಿಂದಕ್ಕೆ ನಡೆದು ನೋಡಿದರೆ, ಪ್ರತಿ ತಿರುವಿನಲ್ಲೂ ನಾವು ಈಯುವ ಹಸುವಿನ ಕೈಯಿಂದ ಏನನ್ನಾದರೂ ಕಿತ್ತುಕೊಂಡಿದ್ದೇವೆ. ಹನ್ನೆರಡು ಚದರ ಮೀಟರ್ ಎಂಬುದು ಆ ಬಾಕಿಯ ಮೊತ್ತ. ಈ ಬರಹದ ವಾದ ಇಷ್ಟೇ.

ಮೊದಲು ಕಾವಲಿನ ಮಾತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಅರಮನೆಯ ದನದ ಹಿಂಡುಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಕಟ್ಟಿದರು. ಹೆಸರೇ ಹೇಳುವಂತೆ ಅದು ಹಾಲು ಬೆಣ್ಣೆಯ ಲೆಕ್ಕದ ಮನೆ. ಹೈದರಾಲಿಯ ಕಾಲಕ್ಕೆ ಅದೇ ಹಿಂಡು ಫಿರಂಗಿ ಎಳೆಯುವ, ದಂಡಿನ ಸಾಮಾನು ಸಾಗಿಸುವ ಎತ್ತುಗಳ ಮೂಲವಾಯಿತು. ಟಿಪ್ಪು ಸುಲ್ತಾನ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ಹಿಂಡುಗಳನ್ನು ಹೇಗೆ ಸಾಕಬೇಕೆಂದು ಹುಕುಂನಾಮೆ ಹೊರಡಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಬ್ರಿಟಿಷರ ಪಾಲಾದವು. 1860ರಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ಅವನ್ನು ಮಾರಿಬಿಟ್ಟ ಆಡಳಿತ, 1866ರಲ್ಲಿ ಮತ್ತೆ ಹಿಂಡು ಕಟ್ಟಲು ಕೈಹಾಕಿತು. ಈ ಏರಿಳಿತದಲ್ಲಿ ಬದಲಾಗದೆ ಉಳಿದದ್ದು ಉದ್ದೇಶ. ಅಲ್ಲಿ ಹುಟ್ಟುವ ಒಂದೊಂದು ಹೋರಿಗರುವೂ ನಾಳಿನ ದಂಡಿನ ಎತ್ತು. ಹಾಲು ಕರೆಯುವುದಕ್ಕಿಂತ ಕರು ಉಳಿಯುವುದೇ ದೊಡ್ಡದು. ಕರುವಿನ ಮೇಲೆ ಇಷ್ಟು ಆಸೆ ಇಟ್ಟುಕೊಂಡ ಆಡಳಿತವೂ ಹಸುಗಳನ್ನು ಕಟ್ಟಡದೊಳಗೆ ತಂದು ಕಟ್ಟಲಿಲ್ಲ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಹುಲ್ಲುಗಾವಲುಗಳನ್ನು ವಿಂಗಡಿಸಿ, ಹಿಂಡನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುವುದೇ ಅದರ ಪದ್ಧತಿ. ಈ ಕಾವಲುಗಳ ವಿಸ್ತಾರ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ಮೀರಿತ್ತು.

ಅಂಥ ಬಯಲಲ್ಲಿ ಹಸು ಹೇಗೆ ಈಯುತ್ತದೆ ಎಂಬುದು ದನ ಕಾಯುವವರಿಗೆಲ್ಲ ಗೊತ್ತಿರುವ ಸಂಗತಿ. ನೋವು ಶುರುವಾಗುವ ಹೊತ್ತಿಗೆ ಅದು ಹಿಂಡಿನಿಂದ ಹಿಂದುಳಿಯುತ್ತದೆ. ಒಂದು ಪೊದೆಯ ಮರೆಯನ್ನೋ ತಗ್ಗನ್ನೋ ಹುಡುಕಿಕೊಳ್ಳುತ್ತದೆ. ಮಲಗುತ್ತದೆ, ಏಳುತ್ತದೆ, ಸುತ್ತುತ್ತದೆ, ಮತ್ತೆ ಮಲಗುತ್ತದೆ. ಈದ ಮೇಲೆ ಕರುವನ್ನು ನೆಕ್ಕಿ ಒಣಗಿಸಿ, ಮೊಲೆಯೂಡಿಸಿ, ಗಿಡದ ಬುಡದಲ್ಲಿ ಅಡಗಿಸಿ ತಾನು ಮೇಯಲು ಹೋಗುತ್ತದೆ. ಎಳೆಗರುವನ್ನು ಬಚ್ಚಿಟ್ಟು ಸಾಕುವ ಜಾತಿಗೆ ಸೇರಿದ ಪ್ರಾಣಿ ಅದು. ಕಾವಲನ್ನು ಸ್ವರ್ಗವೆಂದು ಹೊಗಳಬೇಕಾಗಿಲ್ಲ. ಚಿರತೆ, ತೋಳಗಳ ಬಾಯಿಗೆ ಕರು ಬೀಳುತ್ತಿತ್ತು. ಹೊಟ್ಟೆಯಲ್ಲಿ ಕರು ಅಡ್ಡವಾಗಿ ಸಿಕ್ಕಿಕೊಂಡರೆ ತಾಯಿಯೂ ಸಾಯುತ್ತಿತ್ತು. ಆದರೂ ಲೆಕ್ಕ ಸರಿಯಾಗಿ ಬರೆಯಬೇಕಾದರೆ ಕಾವಲು ಮೂರನ್ನು ಕೊಟ್ಟಿತ್ತು, ಒಂದನ್ನು ಕೊಟ್ಟಿರಲಿಲ್ಲ ಎನ್ನಬೇಕು. ಮರೆ ಇತ್ತು, ಸುತ್ತಿ ತಿರುಗುವಷ್ಟು ಜಾಗವಿತ್ತು, ಗೊರಸಿಗೆ ಹಿಡಿತ ಸಿಗುವ ಮಣ್ಣುನೆಲವಿತ್ತು. ಇಲ್ಲದೆ ಇದ್ದದ್ದು ಕಷ್ಟ ಬಂದಾಗ ಆಸರೆಯಾಗುವ ಮನುಷ್ಯನ ಕೈ. ಮುಂದಿನ ಕಥೆಯೆಲ್ಲ ಈ ನಾಲ್ಕರ ಕೊಡುಕೊಳ್ಳುವಿಕೆ.

ಮಲೆನಾಡಿನ ಕೊಟ್ಟಿಗೆ, ಕರಾವಳಿಯ ಹಟ್ಟಿ ಆ ನಾಲ್ಕನೆಯದನ್ನು ಕೊಟ್ಟವು. ಅಲ್ಲಿ ದನ ಕಟ್ಟುವುದು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು, ಸೊಪ್ಪಿಗೆ ಕಾಡು ಬೇಕು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಬಂದದ್ದು ಇದೇ ಸರಪಳಿಯಿಂದ. ಬೇಸಿಗೆಯಲ್ಲಿ ದರಗು, ಮಳೆಗಾಲದಲ್ಲಿ ಹಸಿ ಸೊಪ್ಪು, ದಿನವೂ ಹೊಸ ಹಾಸು. ಕೆಳಗಿನದು ಕೊಳೆಯುತ್ತಾ ಹೋಗಿ ಕೊಟ್ಟಿಗೆಯ ನೆಲ ಮೊಣಕಾಲೆತ್ತರದ ಮೆತ್ತೆಯಾಗುತ್ತಿತ್ತು. ಹೊಲಸಿನ ನಡುವೆ ದನ ನಿಲ್ಲಿಸುವ ಪದ್ಧತಿ ಎಂದು ಇದನ್ನು ಟೀಕಿಸಿದವರಿದ್ದಾರೆ, ಮತ್ತು ಹಾಸು ಹಾಕುವುದರಲ್ಲಿ ಸೋಮಾರಿತನ ಮಾಡಿದ ಮನೆಯಲ್ಲಿ ಆ ಟೀಕೆ ನಿಜವೇ. ಆದರೆ ಈಯುವ ಹಸುವಿನ ಕಡೆಯಿಂದ ನೋಡಿದರೆ ಆ ಮೆತ್ತೆ ದೊಡ್ಡ ಆಸ್ತಿ. ಅದರ ಮೇಲೆ ಕಾಲು ಜಾರುವುದಿಲ್ಲ, ಮೊಣಕಾಲು ಸುಲಿಯುವುದಿಲ್ಲ, ಬಿದ್ದ ಕರುವಿಗೆ ಪೆಟ್ಟಾಗುವುದಿಲ್ಲ, ಕೊಳೆಯುವ ಸೊಪ್ಪಿನ ಕಾವು ಮಳೆಗಾಲದ ಚಳಿಗೆ ಆಸರೆ. ಇಲ್ಲಿನ ದನವೂ ಆ ಜಾಗಕ್ಕೆ ತಕ್ಕದ್ದು. ಮಲೆನಾಡು ಗಿಡ್ಡ ಹಸು ನೂರು ಕೆ.ಜಿ. ಆಸುಪಾಸಿನ ಪ್ರಾಣಿ, ಅದರ ಕರು ಹತ್ತು ಕೆ.ಜಿ. ತೂಗಿದರೆ ಹೆಚ್ಚು. ಗೊಂತಿಗೆ ಕಟ್ಟಿದ ಹಗ್ಗದಲ್ಲೇ ಅದು ಅರ್ಧ ಸುತ್ತು ತಿರುಗಬಲ್ಲದು. ಮರೆಯೊಂದು ಹೋಯಿತು, ತಿರುಗಾಟ ಅರ್ಧವಾಯಿತು. ನೆಲ ಉಳಿಯಿತು, ಕೈ ಸಿಕ್ಕಿತು. ಒಟ್ಟಿನಲ್ಲಿ ನಷ್ಟದ ವ್ಯಾಪಾರವೇನಲ್ಲ.

ಬಯಲುಸೀಮೆಯ ಕಥೆ ಸ್ವಲ್ಪ ಬೇರೆ. ಅಲ್ಲಿ ಹಲವೆಡೆ ದನ ಮನೆಯೊಳಗೇ ಇರುತ್ತಿತ್ತು. ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನದ ಕೊಟ್ಟಿಗೆ, ಕಟ್ಟೆ ಹತ್ತಿದರೆ ಮಂದಿಯ ಮನೆ. ಒಂದೇ ಸೂರು, ಒಂದೇ ಕಂಬದ ಸಾಲು. ಕಳ್ಳರ ಭಯ, ದನದ ಬೆಲೆ, ಎರಡೂ ಸೇರಿ ಕಟ್ಟಿದ ವಾಸ್ತು ಅದು. ಮನೆಯನ್ನು ಅಳೆಯುತ್ತಿದ್ದದ್ದು ಅಂಕಣದಲ್ಲಿ. ಕಂಬದಿಂದ ಕಂಬಕ್ಕೆ ತೊಲೆ ನಿಲ್ಲುವಷ್ಟು ಜಾಗವೇ ಒಂದು ಅಂಕಣ. ಎಂಟಂಕಣದ ಮನೆ, ಹನ್ನೆರಡಂಕಣದ ಮನೆ ಎಂದರೆ ಕೇಳಿದವರಿಗೆ ಆ ಮನೆಯ ಅಂತಸ್ತು ತಿಳಿಯುತ್ತಿತ್ತು. ಈ ಅಳತೆಗೆ ಒಂದು ಗುಣವಿತ್ತು: ಅಂಕಣ ಯಾವತ್ತೂ ಒಂದೇ ಕೆಲಸಕ್ಕೆ ಮುಡಿಪಲ್ಲ. ಸುಗ್ಗಿಯಲ್ಲಿ ಚೀಲ ಇಟ್ಟ ಅಂಕಣದಲ್ಲಿ ಮುಂಗಾರಿಗೆ ನೊಗ ನೇಗಿಲು. ಹಸು ಈಯುವ ಹೊತ್ತಿಗೆ ಪಕ್ಕದ ಎತ್ತನ್ನು ಬಿಚ್ಚಿ ಬೇರೆ ಕಡೆ ಕಟ್ಟಿದರೆ ಅದೇ ಈಯುವ ಜಾಗ. ಅಲ್ಲಿ ಅಡಿ ಮೀಟರಿನ ಕೋಷ್ಟಕ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಹೆರಿಗೆಗೆ ಬಂದ ಮಗಳಿಗೆ ಬಾಣಂತಿ ಕೋಣೆ ಬಿಟ್ಟುಕೊಡುವುದನ್ನು ಯಾರೂ ಚದರ ಅಡಿಯಲ್ಲಿ ಹೇಳುತ್ತಿರಲಿಲ್ಲ, ಇದೂ ಹಾಗೆಯೇ. ತೆರವು ಮಾಡಿಕೊಡುವುದು ರೂಢಿ. ಎಷ್ಟು ತೆರವು ಎಂಬುದನ್ನು ಹಸುವಿನ ಗಾತ್ರವೇ ಹೇಳುತ್ತಿತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಹಸು ಕಟ್ಟಿದಲ್ಲೇ ಕರು ಹಾಕುತ್ತಿತ್ತು, ಬೆಳಿಗ್ಗೆ ಎದ್ದು ನೋಡಿದರೆ ಕರು ಮೊಲೆ ಚೀಪುತ್ತಿರುತ್ತಿತ್ತು. ಈಗ ಮಾತ್ರ ಕೋಣೆ, ಅಳತೆ ಎಂಬ ವೈಭೋಗ ಯಾಕೆ? ಈ ಮಾತಿನಲ್ಲಿ ಅರ್ಧ ನಿಜವಿದೆ. ಸುಸೂತ್ರವಾಗಿ ಹುಟ್ಟಿದ ಕರುಗಳು ಮನೆಮಂದಿಯ ನೆನಪಿನಲ್ಲಿ ಉಳಿಯುತ್ತವೆ, ರಾತ್ರಿ ಸತ್ತವು ಗುಂಡಿಯ ಜೊತೆಗೆ ಮರೆತುಹೋಗುತ್ತವೆ. ಹಳ್ಳಿಯಲ್ಲಿ ಅದರ ಲೆಕ್ಕ ಬರೆದಿಟ್ಟವರಿಲ್ಲ. ಅದನ್ನು ಬದಿಗಿಟ್ಟರೂ, ಅಜ್ಜನ ಹಸು ಬೇರೆ, ಮೊಮ್ಮಗನ ಹಸು ಬೇರೆ. ಬೆಂಗಳೂರಿನಲ್ಲಿ 1923ರಲ್ಲಿ ಆರಂಭವಾದ ಇಂಪೀರಿಯಲ್ ಪಶುಸಂಗೋಪನಾ ಮತ್ತು ಹೈನುಗಾರಿಕೆ ಸಂಸ್ಥೆ, ಅಂದರೆ 1927ರಲ್ಲಿ ಗಾಂಧೀಜಿ ವಿಶ್ರಾಂತಿಯ ನಡುವೆ ಹೈನುಗಾರಿಕೆ ಕಲಿಯಲು ಹೋಗಿದ್ದ ಜಾಗ, ಹಾಲಿನ ದನವನ್ನು ವಿಜ್ಞಾನದ ವಿಷಯವಾಗಿಸಿತು. ಸ್ವಾತಂತ್ರ್ಯದ ನಂತರ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ಅಲ್ಲಿನ ಕೆಂಪು ತಳಿಯ ದನ ಬಂತು, ಘನೀಕೃತ ವೀರ್ಯದ ಕೇಂದ್ರ ಬಂತು. 1974ರಲ್ಲಿ ವಿಶ್ವಬ್ಯಾಂಕಿನ ಸಾಲದೊಡನೆ ಹೈನುಗಾರಿಕೆ ಯೋಜನೆ ಆರಂಭವಾಗಿ, ಕೊನೆಗೆ ಕರ್ನಾಟಕ ಹಾಲು ಮಹಾಮಂಡಳವಾಗಿ ಬೆಳೆದಾಗ, ಊರೂರಿಗೂ ಹಾಲಿನ ಸಂಘ, ಸಂಘದ ಹಿಂದೆಯೇ ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಸಿಯನ್) ಮತ್ತು ಜರ್ಸಿ ಮಿಶ್ರತಳಿ. ಶುದ್ಧ ಹೋಲ್‌ಸ್ಟೀನ್ ಹಸು ಆರುನೂರು ಕೆ.ಜಿ. ತೂಗುತ್ತದೆ, ಅದರ ಕರು ನಲವತ್ತರ ಹತ್ತಿರ. ನಮ್ಮ ಮಿಶ್ರತಳಿ ಅಷ್ಟಿಲ್ಲದಿದ್ದರೂ ನಾಡಹಸುವಿನ ಎರಡು ಮೂರು ಪಟ್ಟು. ಸಣ್ಣ ಹಸುವಿಗೆ ದೊಡ್ಡ ತಳಿಯ ವೀರ್ಯ ಕೊಟ್ಟರೆ ಕರು ಸಿಕ್ಕಿಕೊಳ್ಳುತ್ತದೆಂದೇ ಗುಡ್ಡಗಾಡಿಗೆ ಎಚ್‌.ಎಫ್‌. ಬೇಡ, ಜರ್ಸಿ ಇರಲಿ ಎಂಬ ಸಲಹೆ ರೂಢಿಗೆ ಬಂತು. ಅಜ್ಜನ ಕಾಲದಲ್ಲಿ ಅಪರೂಪಕ್ಕೆ ಬೇಕಾಗುತ್ತಿದ್ದ ಮನುಷ್ಯನ ಕೈ, ಈಗ ಚೊಚ್ಚಲು ಕಡಸುಗಳಲ್ಲಿ ಹಲವು ಸಲ ಬೇಕಾಗುತ್ತದೆ.

ಹಸು ಬೆಳೆಯಿತು, ಆದರೆ ಜಾಗ ಕುಗ್ಗಿತು. ಇದೇ ಈ ಚರಿತ್ರೆಯ ಕೊಂಕು. ಶುಚಿಯಾದ ಹಾಲು ಬೇಕೆಂಬ ನ್ಯಾಯವಾದ ಕಾರಣಕ್ಕೆ ಸೊಪ್ಪಿನ ಹಾಸು ಹೋಗಿ ಸಿಮೆಂಟು ನೆಲ ಬಂತು. ನೀರು ಹೊಡೆದರೆ ಸಗಣಿ, ಗಂಜಲ ಹರಿದು ಹೋಗಲೆಂದು ನಲವತ್ತಕ್ಕೆ ಒಂದು, ಅರವತ್ತಕ್ಕೆ ಒಂದರಂತೆ ಇಳಿಜಾರು ಬಂತು. ಹಿಂದೆ ಚರಂಡಿ ಬಂತು. ಹಸು ಚರಂಡಿಗೇ ಸಗಣಿ ಹಾಕಬೇಕಾದರೆ ಹಿಂದೆ ಮುಂದೆ ಸರಿಯಬಾರದು. ಅದಕ್ಕಾಗಿ ಒಂದು ಹಸುವಿಗೆ ಹೆಚ್ಚೆಂದರೆ 1.2 ಮೀಟರ್ ಅಗಲದ ನಿಲುಗಡೆ, ಗಿಡ್ಡ ಹಗ್ಗ. ಕರೆಯುವ ಹಸುವಿಗೆ ಇದು ಒಗ್ಗುವ ಏರ್ಪಾಡು. ಈಯುವ ಹಸುವಿಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಹಸು ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಅದಕ್ಕಾಗಿ ತಲೆಯನ್ನು ಮುಂದಕ್ಕೆ ಬೀಸುತ್ತದೆ. ಮುಂದೆ ಗೋದಲಿಯ ಗೋಡೆ ಇದ್ದರೆ ಆ ಬೀಸಿಗೆ ಜಾಗವಿಲ್ಲ. ಒದ್ದೆ ಸಿಮೆಂಟಿನ ಮೇಲೆ ನೋವಿನಲ್ಲಿ ಎದ್ದು ಬಿದ್ದು ಮಾಡುವ ದೊಡ್ಡ ಹಸುವಿನ ಹಿಂಗಾಲು ಅಗಲವಾಗಿ ಜಾರಿದರೆ ಅದು ಮತ್ತೆ ಎದ್ದು ನಿಲ್ಲುವ ಖಾತ್ರಿಯಿಲ್ಲ. ಈದ ಮರುದಿನ ಹಾಲುಜ್ವರದಲ್ಲಿ ಕಾಲಿನ ಬಲ ಕುಸಿದ ಹಸುವಿಗಂತೂ ಅದು ಬಲೆ. ಕರು ಬೀಳುವುದು ಚರಂಡಿಗೆ. ಹುಟ್ಟಿದ ಮೊದಲ ಗಳಿಗೆಯಲ್ಲೇ ಹಸಿ ಹೊಕ್ಕುಳು ಗಂಜಲದಲ್ಲಿ ಅದ್ದಿರುತ್ತದೆ. ಮರೆ, ತಿರುಗಾಟ, ನೆಲದ ಹಿಡಿತ, ಮೂರೂ ಹೋದವು. ನಾಲ್ಕನೆಯ ಕೈ ಇದೆ, ಆದರೆ ಎರಡು ಹಸುಗಳ ನಡುವೆ ನುಸುಳಿ ಹೋಗಿ ಅದು ಮಾಡುವುದಾದರೂ ಏನು?

ಹನ್ನೆರಡು ಚದರ ಮೀಟರಿನ ಅರ್ಥ ಈಗ ತಿಳಿಯುತ್ತದೆ. ದೊಡ್ಡ ಮಿಶ್ರತಳಿ ಹಸು ಮಲಗಿದಾಗ ಮೂತಿಯಿಂದ ಬಾಲದ ಬುಡದವರೆಗೆ ಸುಮಾರು ಎರಡೂವರೆ ಮೀಟರ್. ಹಿಂದೆ ಕೂತು ಕರುವಿನ ಕಾಲಿಗೆ ಹಗ್ಗ ಹಾಕಿ ಎಳೆಯುವವರಿಗೆ, ಜಾರಿ ಹೊರಬರುವ ಕರುವಿಗೆ ಒಂದೂವರೆ ಮೀಟರ್ ಬೇಕು. ಎರಡೂ ಸೇರಿ ನಾಲ್ಕು. ಪಕ್ಕಕ್ಕೆ ಹೊರಳಿ ಕಾಲು ಚಾಚಿದ ಹಸುವಿಗೆ ಎರಡು ಮೀಟರ್, ಅದನ್ನು ಬಳಸಿ ಹೋಗುವ ಮನುಷ್ಯನಿಗೆ ಒಂದು. ಸೇರಿ ಮೂರು. ಅಳತೆಯ ಬೆನ್ನೆಲುಬು ಇಷ್ಟು. ಹಸು ಇನ್ನೂ ದೊಡ್ಡದಾದ ದೇಶಗಳಲ್ಲಿ ಅಂಕಿಯೂ ದೊಡ್ಡದು: ಅಮೆರಿಕದವರು ಹಿಂದಿನಿಂದ ಹೇಳುತ್ತ ಬಂದದ್ದು ಹನ್ನೆರಡಡಿಗೆ ಹನ್ನೆರಡಡಿ, ಬ್ರಿಟನ್ನಿನಲ್ಲಿ ಈಗ ಕೇಳಿಬರುವ ಸಲಹೆ ನಾಲ್ಕು ಮೀಟರಿಗೆ ನಾಲ್ಕು ಮೀಟರ್. ಆದರೆ ಇಂಗ್ಲೆಂಡಿನ ಕಾನೂನು ಅಂಕಿಯನ್ನೇ ಹೇಳುವುದಿಲ್ಲ ಎಂಬುದು ಕುತೂಹಲದ ಸಂಗತಿ. ಸಾಕುಪ್ರಾಣಿಗಳ ಕ್ಷೇಮದ ಬಗ್ಗೆ ಅಲ್ಲಿ 2007ರಲ್ಲಿ ಬಂದ ನಿಯಮಗಳು ಕಟ್ಟಡದೊಳಗೆ ಈಯುವ ಹಸುವಿನ ವಿಷಯದಲ್ಲಿ ಕೇಳುವುದು ಎರಡೇ: ಆರೈಕೆಗೆ ಒಬ್ಬ ಮನುಷ್ಯ ಹೋಗಿ ಬರುವಷ್ಟು ದೊಡ್ಡ ಆವರಣವಿರಬೇಕು, ಈಯುವ ಹಸುಗಳಲ್ಲದ ಬೇರೆ ದನ ಅದರೊಳಗೆ ಇರಬಾರದು. ಇದು ಅಂಕಿಗಿಂತ ಜಾಣತನದ ಮಾತು. ಗಿಡ್ಡ ಹಸುವಿಗೆ ಹನ್ನೆರಡು ಹೆಚ್ಚಾಗಬಹುದು, ಎತ್ತರದ ಎಚ್‌.ಎಫ್‌.ಗೆ ಕಡಿಮೆಯಾಗಬಹುದು, ಹಸು ಮಲಗಿರುವಾಗ ಅದರ ಸುತ್ತ ಒಬ್ಬರು ನಡೆದು ಬರಬಹುದೇ ಎಂಬ ಪ್ರಶ್ನೆ ಮಾತ್ರ ಯಾವ ತಳಿಗೂ ಸುಳ್ಳಾಗುವುದಿಲ್ಲ.

ಹಾಗಾದರೆ ಜಾಗ ದೊಡ್ಡದಾದಷ್ಟೂ ಒಳ್ಳೆಯದೇ? ಅನುಭವಿ ಗೌಳಿಗರು ಇದಕ್ಕೆ ಒಪ್ಪುವುದಿಲ್ಲ, ಅವರ ಮಾತಿಗೆ ಬೆಲೆ ಕೊಡಬೇಕು. ಎಳಗಂದಿ ಹಾಯುತ್ತದೆ. ವರ್ಷವಿಡೀ ಮಗುವಿನಂತೆ ಇದ್ದ ಹಸು ಕರು ಹಾಕಿದ ಮೊದಲ ದಿನ ಮನೆಯವರನ್ನೇ ಕೊಂಬಿನಿಂದ ಎತ್ತಿ ಎಸೆದ ಉದಾಹರಣೆಗೆ ಯಾವ ಊರಲ್ಲೂ ಬರವಿಲ್ಲ. ವಿಶಾಲವಾದ ಕೋಣೆಯಲ್ಲಿ ಬಿಚ್ಚಿಬಿಟ್ಟ ಹಸುವನ್ನು ಹಿಡಿಯುವುದೇ ಕಷ್ಟವಾದರೆ, ಕರು ಅಡ್ಡ ಸಿಕ್ಕಿಕೊಂಡ ಹೊತ್ತಿನಲ್ಲಿ ಪಶುವೈದ್ಯರು ಅದರ ಹಿಂದೆ ಓಡಬೇಕಾಗುತ್ತದೆ. ಈ ಆಕ್ಷೇಪ ಸುರಕ್ಷತೆಯ ಇನ್ನೊಂದು ಮುಖವನ್ನು ತೋರಿಸುತ್ತದೆ: ಜಾಗ ಸುರಕ್ಷಿತವಾಗಬೇಕಾದದ್ದು ಹಸುವಿಗೆ ಮಾತ್ರವಲ್ಲ, ಒಳಗೆ ಕಾಲಿಡುವವರಿಗೂ. ಅದಕ್ಕೆ ಉತ್ತರ ಜಾಗವನ್ನು ಕುಗ್ಗಿಸುವುದರಲ್ಲಿಲ್ಲ, ಅದರ ಮೂಲೆಗಳನ್ನು ಸರಿಯಾಗಿ ಬಳಸುವುದರಲ್ಲಿದೆ. ಒಂದು ಮೂಲೆಯಲ್ಲಿ ಗಟ್ಟಿ ಬಳೆ, ಬೇಕಾದಾಗ ಕಣ್ಣಿ ಹಾಕಿ ಕಟ್ಟಲು. ಎಳೆದ ತಕ್ಷಣ ಬಿಚ್ಚಿಕೊಳ್ಳುವ ಗಂಟು, ಹಸು ಹಗ್ಗದಲ್ಲಿ ಸಿಕ್ಕಿಬಿದ್ದರೆ ಬಿಡಿಸಲು. ಇನ್ನೊಂದು ಮೂಲೆಯಲ್ಲಿ ಮನುಷ್ಯ ಪಕ್ಕವಾಗಿ ನುಸುಳಬಹುದಾದ, ಹಸು ನುಗ್ಗಲಾಗದ ಹದಿನಾಲ್ಕು ಹದಿನೈದು ಇಂಚಿನ ಸಂದು. ಬಾಗಿಲು ಹೊರಕ್ಕೆ ತೆರೆಯಬೇಕು; ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗಿ ಹಸು ಮಲಗಿಬಿಟ್ಟರೆ ಕೋಣೆ ಇದ್ದೂ ಇಲ್ಲದಂತೆ. ಹಳೆಯ ಕೊಟ್ಟಿಗೆಯಲ್ಲಿ ಗೊಂತಿನ ಆಚೆಗೆ ಹಾರಿ ತಪ್ಪಿಸಿಕೊಳ್ಳುವ ಅವಕಾಶ ತಾನಾಗಿಯೇ ಇತ್ತು. ನಾಲ್ಕು ಗೋಡೆಯ ಕೋಣೆಯಲ್ಲಿ ಅದನ್ನು ಯೋಚಿಸಿ ಕಟ್ಟಬೇಕು.

ಇನ್ನೊಂದು ಆಕ್ಷೇಪ ಹಸುವಿನ ಸ್ವಭಾವದಿಂದಲೇ ಬರುತ್ತದೆ. ದನ ಹಿಂಡಿನ ಪ್ರಾಣಿ. ಜೊತೆಯಿಂದ ಬೇರ್ಪಡಿಸಿದರೆ ಕೂಗಿ ಕೂಗಿ ಮೇವು ಬಿಡುತ್ತದೆ. ಅದನ್ನು ಒಂಟಿ ಕೋಣೆಗೆ ತಳ್ಳುವುದು ಹಿಂಸೆಯಲ್ಲವೇ? ತಳ್ಳಿದರೆ ಹಿಂಸೆ, ನಿಜ. ಆದರೆ ಕಾವಲಿನ ಹಸು ತಾನಾಗಿಯೇ ಹಿಂಡು ಬಿಟ್ಟು ಪೊದೆಯ ಹಿಂದೆ ಹೋಗುತ್ತಿತ್ತು ಎಂಬುದನ್ನು ಮರೆಯಬಾರದು. ಆ ಹುಟ್ಟುಗುಣ ಶೆಡ್ಡಿನಲ್ಲಿ ಹುಟ್ಟಿ ಬೆಳೆದ ಹಸುವಿನಲ್ಲೂ ಅಳಿದಿಲ್ಲ. ಕೇಟಿ ಪ್ರೌಡ್‌ಫುಟ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಟ್ಟಡದೊಳಗೇ ಇರುವ ಹೈನು ಹಸುಗಳು ಈಯುವ ಹೊತ್ತಿಗೆ, ಸಿಕ್ಕಿದರೆ, ಮರೆ ಇರುವ ಭಾಗವನ್ನೇ ಆರಿಸಿಕೊಳ್ಳುತ್ತವೆ ಎಂಬುದು ಕಂಡಿದೆ. ಅದಕ್ಕೂ ಒಂದು ವರ್ಷ ಮೊದಲು ಅದೇ ಬಳಗದ ಇನ್ನೊಂದು ಅಧ್ಯಯನ, ನೋವು ಸಾಕಷ್ಟು ಮುಂದುವರಿದ ಮೇಲೆ ಹಸುವನ್ನು ಬೇರೆ ಕೋಣೆಗೆ ಸಾಗಿಸಿದರೆ ಈಯುವುದು ತಡವಾಗುತ್ತದೆ ಎಂದು ತೋರಿಸಿತ್ತು. ಎರಡನ್ನೂ ಕೂಡಿಸಿ ಓದಿದರೆ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ. ಕೆಚ್ಚಲು ತುಂಬಿ, ಬಾಲದ ಬುಡದ ಎರಡೂ ಕಡೆ ಕುಳಿ ಬಿದ್ದಾಗಲೇ, ನೋವಿಗೆ ಕೆಲವು ದಿನ ಮುಂಚೆಯೇ ಹಸುವನ್ನು ಆ ಜಾಗಕ್ಕೆ ತಂದು ಒಗ್ಗಿಸಬೇಕು. ಒಂದು ಬದಿಗೆ ತಡಿಕೆಯ ಮರೆ, ಇನ್ನೊಂದು ಬದಿಗೆ ಜೊತೆಯ ಹಸುವಿನ ಮುಖ ಕಾಣುವ ಅಡ್ಡಗಳು ಇರಬೇಕು. ಯಾವ ಕಡೆ ತಿರುಗಬೇಕೆಂಬುದು ಹಸುವಿಗೆ ಬಿಟ್ಟದ್ದು. ಒಂಟಿಯಾಗಿಸುವುದಕ್ಕೂ ಏಕಾಂತ ಕೊಡುವುದಕ್ಕೂ ನಡುವೆ ಇರುವುದು ಈ ಆಯ್ಕೆಯೇ.

ಬೇರೆ ಜಾಗಕ್ಕೆ ಇನ್ನೊಂದು ಕಾರಣವಿದೆ, ಅದು ಕಾವಲಿನ ಹಸುವಿಗೆ ಇಷ್ಟು ತೀವ್ರವಾಗಿ ಇರಲಿಲ್ಲ. ಕಂದು ಹಾಕಿಸುವ ಬ್ರುಸೆಲ್ಲಾ ರೋಗದ ಸೂಕ್ಷ್ಮಜೀವಿ ತುಂಬಿರುವುದು ಈದ ಮೇಲೆ ಬೀಳುವ ಸತ್ತೆಯಲ್ಲಿ, ಈಯುವಾಗ ಹೊರಬರುವ ನೀರಿನಲ್ಲಿ. ಬಯಲಲ್ಲಿ ಅದು ಬಿಸಿಲಿಗೆ ಒಣಗಿ ಸಾಯುವ ಸಂಭವ ಹೆಚ್ಚು. ಒದ್ದೆ ಚರಂಡಿಯ ಶೆಡ್ಡಿನಲ್ಲಿ ಸಾಲಾಗಿ ನಿಂತ ಹಸುಗಳ ಕಾಲಕೆಳಗೆ ಹರಿದುಹೋಗುತ್ತದೆ. ಬರಿಗೈಯಲ್ಲಿ ಸತ್ತೆ ಎಳೆದವರಿಗೂ ಅಂಟಿ, ತಿಂಗಳುಗಟ್ಟಲೆ ಜ್ವರ, ಕೀಲುನೋವಿನಲ್ಲಿ ನರಳಿಸುತ್ತದೆ. ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ ಆರಂಭವಾಗಿದೆ. ಲಸಿಕೆಯ ಜೊತೆಗೆ ಈಯುವ ಜಾಗ ಬೇರೆಯಾಗಿದ್ದು, ಪ್ರತಿ ಸೂಲಿನ ನಂತರ ಹಾಸು ತೆಗೆದು ಸುಣ್ಣ ಹಾಕಿ ಒಣಗಿಸಿದರೆ ರೋಗದ ದಾರಿ ಕಟ್ಟಿದಂತೆ. ಹಾಗೆಂದೇ ಈಯುವ ಕೋಣೆಯನ್ನು ಕಾಯಿಲೆ ಬಿದ್ದ ದನ ಕಟ್ಟುವ ಕೋಣೆಯಾಗಿ ಬಳಸುವುದು ಅದನ್ನು ಕಟ್ಟಿದ ಉದ್ದೇಶಕ್ಕೇ ಎಳ್ಳುನೀರು ಬಿಟ್ಟಂತೆ. ನೆಲದ ವಿಷಯದಲ್ಲಿ ಮಲೆನಾಡಿನ ಪಾಠ ಇನ್ನೂ ಹಳತಾಗಿಲ್ಲ. ಸಿಮೆಂಟಿನ ಮೇಲೆ ಒಂದು ಗೇಣು ಒಣಹುಲ್ಲೋ ದರಗೋ ಕಬ್ಬಿನ ತರಗೋ ಹಾಸಿದರೆ ಕಳೆದುಹೋದ ಹಿಡಿತ ಮರಳುತ್ತದೆ. ಹನ್ನೆರಡು ಚದರ ಮೀಟರಿನ ನುಣುಪಾದ ಬರಿನೆಲಕ್ಕಿಂತ ಹಾಸಿರುವ ಒಂಬತ್ತು ಚದರ ಮೀಟರ್ ಮೇಲು.

ಕೊನೆಗೆ ಉಳಿಯುವುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: ಜಾಗವೆಲ್ಲಿದೆ? ಇದಕ್ಕೆ ಉಪದೇಶದಿಂದ ಉತ್ತರ ಕೊಡಲಾಗದು, ಲೆಕ್ಕದಿಂದ ಕೊಡಬೇಕು. ಒಂದು ಹಸು ವರ್ಷಕ್ಕೆ ಹೆಚ್ಚೆಂದರೆ ಒಂದು ಸೂಲು. ಈಯುವ ಮುಂಚೆ ಒಂದು ವಾರ, ಈದ ಮೇಲೆ ಮೂರು ದಿನ ಎಂದು ಹಿಡಿದರೆ ಅದಕ್ಕೆ ಆ ಜಾಗ ಬೇಕಾದದ್ದು ಹತ್ತು ದಿನ. ಎರಡು ಹಸುವಿನ ಮನೆಯಲ್ಲಿ ವರ್ಷಕ್ಕೆ ಇಪ್ಪತ್ತು ದಿನ. ಮಿಕ್ಕ ಮುನ್ನೂರ ನಲವತ್ತೈದು ದಿನ ಅದೇ ಜಾಗದಲ್ಲಿ ಮೇವು ಪೇರಿಸಬಹುದು, ಕರು ಕಟ್ಟಬಹುದು, ಸೈಕಲ್ ನಿಲ್ಲಿಸಬಹುದು. ನೂರು ಹಸುವಿನ ಡೇರಿಯಲ್ಲಿ ಸಾವಿರ ದಿನ, ಅಂದರೆ ಮೂರು ಕೋಣೆಯೊಳಗಿನ ಲೆಕ್ಕ. ಆದರೆ ಹಸುಗಳು ಸರದಿ ಹಿಡಿದು ಈಯುವುದಿಲ್ಲವಾದ್ದರಿಂದ ಪಠ್ಯಪುಸ್ತಕಗಳು ನೂರಕ್ಕೆ ಐದರಿಂದ ಹತ್ತು ಕೋಣೆ ಎನ್ನುತ್ತವೆ. ಸಣ್ಣ ರೈತನಿಗೆ ಕೋಣೆಯೇ ಬೇಕಿಲ್ಲ. ಕೊಟ್ಟಿಗೆಯ ಒಂದು ತುದಿಯಲ್ಲಿ ಗೂಟವಿಲ್ಲದ ಜಾಗ, ಕಂಬಕ್ಕೆ ತೂತು ಕೊರೆದು ಬೇಕಾದಾಗ ಸೇರಿಸಿ ಬೇಡವಾದಾಗ ತೆಗೆಯುವ ಎರಡು ಬಿದಿರ ಗಳು, ಒಂದು ತಡಿಕೆ, ನಾಲ್ಕು ಹೊರೆ ಹುಲ್ಲು ಇದ್ದರೆ ಆಯಿತು. ಬಯಲುಸೀಮೆಯ ಹಳೆಯ ಮನೆ ಅಂಕಣವನ್ನು ಬಳಸುತ್ತಿದ್ದ ರೀತಿ ಇದೇ. ಇದು ಹೊಸ ಖರ್ಚಲ್ಲ, ಮರೆತ ರೂಢಿ.

ಕಾವಲು ಇನ್ನು ಮರಳುವುದಿಲ್ಲ. ಚಳ್ಳಕೆರೆಯ ಕಾವಲಿನ ದೊಡ್ಡ ಭಾಗ ಈ ಶತಮಾನದಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿದೆ. ಉಳಿದ ಕಡೆ ಹೊಲ, ಊರು, ನೆಡುತೋಪು ಎದ್ದಿವೆ. ಸೊಪ್ಪಿನ ಬೆಟ್ಟಗಳಲ್ಲಿ ಸೊಪ್ಪು ಕಡಿಯುವ ಆಳಿಲ್ಲ. ಹಸುವನ್ನು ಮತ್ತೆ ಗಿಡ್ಡವಾಗಿಸುವುದೂ ಹಾಲಿನ ದುಡ್ಡಿನಿಂದ ಬದುಕುವ ಮನೆಗಳಿಗೆ ಸಾಧ್ಯವಿಲ್ಲ. ಆದ್ದರಿಂದ ಬಾಕಿಯನ್ನು ತೀರಿಸಬೇಕಾದದ್ದು ಸೂರಿನಡಿಯಲ್ಲೇ. ಉದ್ಯೋಗ ಖಾತರಿಯ ಹಣದಲ್ಲಿ ಹಳ್ಳಿಹಳ್ಳಿಯಲ್ಲಿ ಕೊಟ್ಟಿಗೆಗಳು ಎದ್ದಿವೆ, ಬ್ಯಾಂಕಿನ ಸಾಲದಲ್ಲಿ ಶೆಡ್ಡುಗಳು ಏಳುತ್ತಿವೆ. ಗೋದಲಿ ಎಲ್ಲಿ, ಚರಂಡಿ ಎಲ್ಲಿ ಎಂದು ನಕಾಶೆ ಬರೆಯುವವರು ಹಸು ಎಲ್ಲಿ ಈಯುತ್ತದೆ ಎಂದೂ ಒಂದು ಮಾತು ಕೇಳಬೇಕು. ಹೊಸ ಕೊಟ್ಟಿಗೆಗೆ ಪಾಯ ತೋಡುವವರಲ್ಲಿ ಕೇಳಿಕೊಳ್ಳುವುದು ಇಷ್ಟು: ಎಷ್ಟು ಹಸು ಕಟ್ಟಬಹುದೆಂದು ಎಣಿಸುವ ಮೊದಲು, ಗೂಟ ಹೊಡೆಯದ ಒಂದು ಅಂಕಣ ಬಿಡಿ.